ರತ್ನಗಳ ಸಾಣೆ: ತೂಕ ಮತ್ತು ಕಾಂತಿಗಳ ವಿಚಾರ

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯ ತರಗತಿಯೊಂದರಲ್ಲಿ ಭರ್ತೃಹರಿಯ ನೀತಿಶತಕವನ್ನು ಬೋಧಿಸುತ್ತಿದ್ದೆನು. ಕೃಶವಾದುದರಿಂದಲೇ ಶೋಭಿಸುವ ವಸ್ತುಗಳನ್ನು ಎಣಿಸುವಾಗ ಕವಿಯು ಸಾಣೆ ಹಿಡಿದ ಮಣಿಯನ್ನು ಮೊದಲನೆಯದಾಗಿ ಹೇಳಿದ್ದಾನೆ. ಅದನ್ನು ವಿವರಿಸುತ್ತಿರುವಾಗ ಅಕ್ಕಸಾಲಿಗರ ಮನೆತನದ ಹುಡುಗನೊಬ್ಬನು ಎದ್ದುನಿಂತು, “ಗುರುಗಳೇ, ಸಾಣೆ ಹಿಡಿದರೆ ಕಲ್ಲು ಸವೆಯುತ್ತದೆ. ಸವೆದರೆ ತೂಕ ಇಳಿಯುತ್ತದೆ. ತೂಕ ಇಳಿದ ಕಲ್ಲಿಗೆ ಬೆಲೆ ಏರುವುದು ಹೇಗೆ?” ಎಂದು ಕೇಳಿದನು. ನಾನು ಅಂದು ಅಲಂಕಾರಶಾಸ್ತ್ರದ ದೃಷ್ಟಿಯಿಂದ ಸಮಾಧಾನ ಹೇಳಿ ಮುಂದಿನ ಶ್ಲೋಕಕ್ಕೆ ಸಾಗಿದೆನು. ಹುಡುಗನು ಕುಳಿತನು, ಆದರೆ ಅವನ ಪ್ರಶ್ನೆಗೆ ಉತ್ತರ ದೊರೆತಿರಲಿಲ್ಲ. ಅವನು ಕೇಳಿದ್ದು ಕಾವ್ಯದ ಮಾತಲ್ಲ, ಕಲ್ಲಿನ ಮಾತು.

ಅದಾದ ಮೇಲೆ ಇದೇ ಪ್ರಶ್ನೆ ನನ್ನ ಮನೆಗೇ ಬಂದಿತು. ನನ್ನ ತಾಯಿಯವರ ಏಳು ಹರಳಿನ ವಜ್ರದ ಓಲೆಗಳಲ್ಲಿ ಎರಡು ಹರಳುಗಳು ಕಂದಿಹೋಗಿದ್ದವು. ಪಟ್ಟಣದ ಅಂಗಡಿಯೊಂದರಲ್ಲಿ ತೋರಿಸಲಾಗಿ, ಇವು ಹಳೆಯ ಕಾಲದ ಒರಟು ಕಲ್ಲುಗಳೆಂದೂ, ಎಲ್ಲವನ್ನೂ ಬಿಚ್ಚಿ ಹೊಸ ರೀತಿಯಲ್ಲಿ ಕಡೆಯಿಸಿದರೆ ಮಾತ್ರ ಬೆಳಕು ಬರುವುದೆಂದೂ ಹೇಳಿದರು. ಹಳೆಯದನ್ನು ಕಳೆದು ಹೊಸ ಕಾಂತಿಯನ್ನು ಪಡೆಯಬೇಕೆ, ಇದ್ದುದನ್ನು ಇದ್ದಂತೆಯೇ ಕಾಪಾಡಬೇಕೆ ಎಂಬುದನ್ನು ನಿರ್ಧರಿಸುವುದಕ್ಕೆ ಮುನ್ನ ವಿಷಯವನ್ನು ತಿಳಿಯುವುದು ಉಚಿತವೆಂದು ತೋರಿತು. ಅಂದಿನಿಂದ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಶಾಸ್ತ್ರಗ್ರಂಥಗಳಲ್ಲಿ ವಜ್ರ

ಸಂಸ್ಕೃತದ ‘ಶಾಣ’ ಶಬ್ದವೇ ಕನ್ನಡದಲ್ಲಿ ‘ಸಾಣೆ’ಯಾಗಿದೆ, ‘ವಜ್ರ’ವು ‘ಬಜ್ಜರ’ವಾಗಿದೆ, ‘ರತ್ನ’ವು ‘ರನ್ನ’ವಾಗಿದೆ. ಈ ತದ್ಭವಗಳೇ ನಮ್ಮ ಜನರಿಗೆ ಈ ವಸ್ತುಗಳೊಡನೆ ಇದ್ದ ಬಳಕೆಯ ಪ್ರಾಚೀನತೆಯನ್ನು ಸೂಚಿಸುತ್ತವೆ. ಅರಗಿನಲ್ಲಿ ಕುರುಂದದ ಪುಡಿಯನ್ನು ಬೆರೆಸಿ ಮಾಡಿದ ಚಕ್ರವೇ ನಮ್ಮ ದೇಶದ ಸಾಂಪ್ರದಾಯಿಕ ಸಾಣೆ. ಕಾಠಿಣ್ಯದ ಮಾನದಲ್ಲಿ ಕುರುಂದಕ್ಕೆ 9, ವಜ್ರಕ್ಕೆ 10. ಆದುದರಿಂದ ಸ್ಫಟಿಕ, ಪಚ್ಚೆ, ಗೋಮೇಧಿಕ ಮೊದಲಾದವುಗಳಿಗೆ ಸಾಕಾಗುವ ಈ ಸಾಣೆ ವಜ್ರಕ್ಕೆ ಸಾಲದು. ವಜ್ರವನ್ನು ವಜ್ರದ ಪುಡಿಯಿಂದಲೇ ತೇಯಬೇಕು.

ಒಂದೇ ಕಾಠಿಣ್ಯದ ಎರಡು ವಸ್ತುಗಳಲ್ಲಿ ಒಂದು ಮತ್ತೊಂದನ್ನು ಸವೆಸುವುದು ಹೇಗೆಂಬ ಶಂಕೆ ಇಲ್ಲಿ ಸಹಜ. ವಜ್ರದ ಕಾಠಿಣ್ಯವು ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿಲ್ಲ. ಪುಡಿಯಲ್ಲಿರುವ ಅಸಂಖ್ಯ ಕಣಗಳು ನಾನಾ ದಿಕ್ಕಿಗೆ ಮುಖಮಾಡಿರುವುದರಿಂದ ಕೆಲವು ಕಣಗಳ ಅತಿ ಕಠಿಣವಾದ ಅಂಚು ಕಲ್ಲಿನ ಮೆದು ದಿಕ್ಕಿಗೆ ತಾಗಿಯೇ ತಾಗುತ್ತದೆ. ಆ ಮೆದು ದಿಕ್ಕನ್ನು ಕಂಡುಹಿಡಿಯುವುದೇ ಸಾಣೆಗಾರನ ಮೊದಲ ವಿದ್ಯೆ.

ವಜ್ರವು ಇತರ ರತ್ನಗಳನ್ನು ಬೇಧಿಸುವ ಸಾಧನವೆಂಬುದನ್ನು ನಮ್ಮವರು ಬಹು ಹಿಂದೆಯೇ ಅರಿತಿದ್ದರು. ವಜ್ರದಿಂದ ರಂಧ್ರ ಕೊರೆದ ಮಣಿಯೊಳಗೆ ದಾರವು ಸಲೀಸಾಗಿ ಹೋಗುವ ಉಪಮೆಯನ್ನು ಕಾಳಿದಾಸನು ರಘುವಂಶದ ಆರಂಭದಲ್ಲಿಯೇ ಬಳಸಿರುವುದು ಪಂಡಿತರಿಗೆ ವಿದಿತವಾದುದೇ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಪರೀಕ್ಷೆಗೆ ಪ್ರತ್ಯೇಕ ಅಧ್ಯಾಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ರತ್ನಗಳ ವಿಚಾರ ಬಂದಿದೆ. ಬುದ್ಧಭಟ್ಟನ ರತ್ನಪರೀಕ್ಷೆಯು ಉತ್ತಮ ವಜ್ರಕ್ಕೆ ಆರು ಕೋಟಿಗಳು, ಎಂಟು ಪಾರ್ಶ್ವಗಳು, ಹನ್ನೆರಡು ಧಾರೆಗಳು ಇರಬೇಕೆಂದು ಲಕ್ಷಣ ಹೇಳುತ್ತದೆ. ಇದು ಕವಿಕಲ್ಪನೆಯಲ್ಲ. ಎರಡು ಚತುರಸ್ರ ಗೋಪುರಗಳನ್ನು ಬುಡಕ್ಕೆ ಬುಡ ಸೇರಿಸಿದರೆ ಆಗುವ ಅಷ್ಟಮುಖಿಗೆ ತುದಿಗಳು ಆರು, ಮುಖಗಳು ಎಂಟು, ಅಂಚುಗಳು ಹನ್ನೆರಡು. ಭೂಗರ್ಭದಲ್ಲಿ ವಜ್ರವು ಹರಳುಗಟ್ಟುವ ಮುಖ್ಯ ಸಹಜರೂಪ ಇದೇ. ಇಂದಿನ ರೇಖಾಗಣಿತದ ಪಾಠವನ್ನು ನಮ್ಮ ರತ್ನಶಾಸ್ತ್ರಜ್ಞರು ಕಲ್ಲನ್ನು ಕೈಯಲ್ಲಿ ಹಿಡಿದು ಎಣಿಸಿ ತಿಳಿದಿದ್ದರು.

ಸಹಜರೂಪವೇ ಉತ್ತಮವೆಂದ ಮೇಲೆ ಅದನ್ನು ಕೆಡಿಸುವುದು ದೋಷವಾಗುವುದು ಯುಕ್ತವೇ. ಅಗಸ್ತಿಮತವೆಂಬ ಗ್ರಂಥವು, ಕೊಯ್ದ ಅಥವಾ ಪದೇ ಪದೇ ಉಜ್ಜಿ ಸವೆಸಿದ ವಜ್ರವು ತನ್ನ ಶುಭಗುಣವನ್ನು ಕಳೆದುಕೊಳ್ಳುವುದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸುತ್ತದೆ. ಹಾಗೆ ಹೇಳಬೇಕಾದರೆ ವಜ್ರವನ್ನು ಉಜ್ಜುವ ವಿದ್ಯೆ ಆಗಲೇ ತಿಳಿದಿರಬೇಕಷ್ಟೆ. ನಮ್ಮವರಿಗೆ ಸಾಣೆಯ ವಿದ್ಯೆ ಗೊತ್ತಿರಲಿಲ್ಲವೆಂಬ ಮಾತು ಇದರಿಂದಲೇ ನಿಲ್ಲುವುದಿಲ್ಲ.

ಟಾವರ್ನಿಯೆ ಕಂಡ ಸಾಣೆಗಾರರು

17ನೆಯ ಶತಮಾನದಲ್ಲಿ ಭಾರತಕ್ಕೆ ಅನೇಕ ಸಲ ಬಂದು, ಗೋಲ್ಕೊಂಡ ಮತ್ತು ಬಿಜಾಪುರ ರಾಜ್ಯಗಳ ವಜ್ರದ ಗಣಿಗಳನ್ನು ಕಂಡ ಫ್ರೆಂಚ್ ವ್ಯಾಪಾರಿ ಟಾವರ್ನಿಯೆಯು 1676ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಗಣಿಯ ಬಳಿಯ ಸಾಣೆಗಾರರ ಕೆಲಸವನ್ನು ವರ್ಣಿಸಿದ್ದಾನೆ. ಕಲ್ಲು ಶುದ್ಧವಾಗಿದ್ದರೆ ಅವರು ಮೇಲೆ ಕೆಳಗೆ ಸ್ವಲ್ಪ ಚಕ್ರವನ್ನು ತಾಗಿಸಿ ಬಿಡುವರು. ತೂಕ ಇಳಿದೀತೆಂಬ ಭಯದಿಂದ ಅದಕ್ಕೆ ಬೇರೊಂದು ಆಕಾರವನ್ನು ಕೊಡಲು ಹೋಗರು. ಕಲ್ಲಿನೊಳಗೆ ಬಿರುಕೋ ಕಪ್ಪು ಚುಕ್ಕೆಯೋ ಇದ್ದರೆ ಮಾತ್ರ, ದೋಷವು ಕಣ್ಣಿಗೆ ಬೀಳದಂತೆ ಮೈತುಂಬ ಸಣ್ಣ ಸಣ್ಣ ಮುಖಗಳನ್ನು ಕಡೆಯುವರು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಅಂದಿನ ಭಾರತೀಯ ಖರೀದಿದಾರನಿಗೆ ಹೆಚ್ಚು ಮುಖಗಳುಳ್ಳ ವಜ್ರವು ಹೆಚ್ಚಿನ ವಜ್ರವಲ್ಲ, ಏನನ್ನೋ ಮುಚ್ಚಿಟ್ಟಿರುವ ವಜ್ರ.

ಟಾವರ್ನಿಯೆ ಹೇಳುವ ಇನ್ನೊಂದು ವೃತ್ತಾಂತವೂ ಗಮನಾರ್ಹವಾದುದು. 1665ರಲ್ಲಿ ಔರಂಗಜೇಬನ ಆಸ್ಥಾನದಲ್ಲಿ ಅವನು ನೋಡಿದ ‘ಮಹಾ ಮೊಗಲ’ ವಜ್ರವು ಮೊದಲು 787½ ಕ್ಯಾರೆಟ್ ತೂಗುತ್ತಿದ್ದು, ಸಾಣೆ ಹಿಡಿದ ಮೇಲೆ 280 ಕ್ಯಾರೆಟ್‌ಗೆ ಇಳಿದಿತ್ತು. ಅದನ್ನು ಕಡೆದವನು ಹೊರ್ಟೆನ್ಸಿಯೊ ಬೋರ್ಜಿಯೊ ಎಂಬ ವೆನಿಸ್ ನಗರದವನು. ಸೀಳಿ ಒಳ್ಳೆಯ ತುಂಡುಗಳನ್ನು ಪಡೆಯಬಹುದಾಗಿದ್ದ ಕಲ್ಲನ್ನು ಸುಮ್ಮನೆ ಉಜ್ಜಿ ಹಾಳುಮಾಡಿದನೆಂದು ಅವನಿಗೆ ಕೂಲಿ ಕೊಡದೆ, ಬದಲಾಗಿ 10,000 ರೂಪಾಯಿ ದಂಡ ವಿಧಿಸಲಾಯಿತಂತೆ. ತೂಕವನ್ನು ಕಳೆದು ಕಾಂತಿಯನ್ನೂ ತಾರದ ಸಾಣೆಯನ್ನು ಯಾವ ದೇಶದವರೂ ಕ್ಷಮಿಸರು.

ಬೆಳಕಿನ ಲೆಕ್ಕ

ಇನ್ನು ಹುಡುಗನ ಪ್ರಶ್ನೆಯ ತಿರುಳಿಗೆ ಬರೋಣ. ತೂಕ ಕಳೆದಾಗ ದೊರೆಯುವ ಲಾಭವಾದರೂ ಯಾವುದು?

ಬೆಳಕು ಗಾಳಿಯಿಂದ ವಜ್ರದೊಳಕ್ಕೆ ಹೊಕ್ಕಾಗ ಬಾಗುತ್ತದೆ. ಈ ಬಾಗುವಿಕೆಯನ್ನು ಅಳೆಯುವ ವಕ್ರೀಭವನಾಂಕವು ಗಾಜಿಗೆ ಸುಮಾರು 1.5, ಮಾಣಿಕ್ಯ ಹಾಗೂ ನೀಲಮಣಿಗಳಿಗೆ ಸುಮಾರು 1.77, ವಜ್ರಕ್ಕೆ 2.42. ಒಳಹೊಕ್ಕ ಕಿರಣವು ಹೊರಬರಬೇಕಾದರೆ ಕಲ್ಲಿನ ಮುಖಕ್ಕೆ ಹೆಚ್ಚುಕಡಿಮೆ ನೇರವಾಗಿ ಬಂದು ತಾಗಬೇಕು. ಮುಖಕ್ಕೆ ಎಳೆದ ಲಂಬದಿಂದ ಒಂದು ಮಿತಿಯನ್ನು ಮೀರಿ ಓರೆಯಾಗಿ ತಾಗಿದರೆ, ಅದು ಕನ್ನಡಿಗೆ ತಾಗಿದಂತೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಆ ಮಿತಿ ಗಾಜಿಗೆ ಸುಮಾರು 42 ಅಂಶಗಳು. ವಜ್ರಕ್ಕೆ ಸುಮಾರು 24½ ಅಂಶಗಳು ಮಾತ್ರ. ಅರ್ಥಾತ್ ವಜ್ರದೊಳಗೆ ಹೊಕ್ಕ ಬೆಳಕು ಸುಲಭವಾಗಿ ಹೊರಬೀಳದು. ಅದನ್ನು ಒಳಗೇ ತಿರುಗಿಸಿ, ನೋಡುವವನ ಕಣ್ಣಿನ ಕಡೆಗೇ ಮರಳಿಸುವುದು ಮುಖಗಳ ಓರೆಯನ್ನು ಅವಲಂಬಿಸಿದೆ.

ಸಹಜ ಅಷ್ಟಮುಖಿಯ ಮೇಲಿನ ತುದಿಯನ್ನು ತೇಯ್ದು ಚಪ್ಪಟೆ ಮಾಡಿದ ವಜ್ರವೊಂದನ್ನು ಊಹಿಸಿಕೊಳ್ಳಿರಿ. ಅದರ ಕೆಳಮುಖಗಳ ಓರೆ ಸುಮಾರು 54.7 ಅಂಶ. ಮೇಲಿನಿಂದ ನೆಟ್ಟಗೆ ಇಳಿದ ಕಿರಣವು ಮೊದಲನೆಯ ಕೆಳಮುಖಕ್ಕೆ 54.7 ಅಂಶದಲ್ಲಿ ತಾಗುತ್ತದೆ. ಇದು ಮಿತಿಗಿಂತ ಹೆಚ್ಚಾದುದರಿಂದ ಪ್ರತಿಫಲಿಸುತ್ತದೆ. ಆದರೆ ಎದುರಿನ ಮುಖವನ್ನು ಅದು ತಾಗುವುದು ಸುಮಾರು 16 ಅಂಶದಲ್ಲಿ. ಇದು ಮಿತಿಗಿಂತ ಕಡಿಮೆ. ಆದುದರಿಂದ ಬೆಳಕು ಅಲ್ಲಿಯೇ ಕೆಳಗೆ ಸೋರಿಹೋಗುತ್ತದೆ. ಅದೇ ಕೆಳಮುಖಗಳ ಓರೆಯನ್ನು 40.75 ಅಂಶಕ್ಕೆ ಇಳಿಸಿದರೆ, ಮೊದಲ ತಾಗುವಿಕೆ 40.75 ಅಂಶ, ಎರಡನೆಯದು ಸುಮಾರು 58 ಅಂಶ. ಎರಡೂ ಮಿತಿಯನ್ನು ಮೀರಿದವು. ಕಿರಣವು ಎರಡು ಸಲ ತಿರುಗಿ ಮೇಲಕ್ಕೆ ಮರಳುತ್ತದೆ. ಅದು ಹೊರಬರುವಾಗ ಅಂಚಿನ ಓರೆಮುಖಗಳಲ್ಲಿ ಬಣ್ಣಬಣ್ಣವಾಗಿ ಒಡೆಯುತ್ತದೆ. ಜನರು ವಜ್ರದ ‘ಕಿಡಿ’ ಎನ್ನುವುದು ಇದನ್ನೇ.

ಓರೆಯನ್ನು 54.7ರಿಂದ 40.75ಕ್ಕೆ ಇಳಿಸುವುದೆಂದರೆ ಕಲ್ಲಿನ ಮೈಯನ್ನು ತೇಯ್ದು ತೆಗೆಯುವುದೆಂದೇ ಅರ್ಥ. ತೂಕವು ಹೋಗುವುದು ಇಲ್ಲಿ.

ಹಾಗಾದರೆ ನಮ್ಮ ಹಿರಿಯರ ಒಡವೆಗಳಲ್ಲಿ ಕಾಂತಿಯಿರಲಿಲ್ಲವೆ? ಇತ್ತು. ಅದನ್ನು ಅವರು ಬೇರೊಂದು ಉಪಾಯದಿಂದ ಪಡೆದರು. ಕುಂದಣದ ಕೆಲಸದಲ್ಲಿ ಹರಳಿನ ಹಿಂಬದಿಯನ್ನು ಮುಚ್ಚಿ, ಅದರ ಕೆಳಗೆ ಹೊಳೆಯುವ ತೆಳು ತಗಡನ್ನಿಟ್ಟು, ಸುತ್ತಲೂ ಅಪರಂಜಿಯ ತಗಡನ್ನು ಒತ್ತಿ ಕಲ್ಲನ್ನು ಕೂರಿಸುತ್ತಾರೆ. ಕಲ್ಲಿನಿಂದ ಕೆಳಗೆ ಸೋರಿದ ಬೆಳಕನ್ನು ಆ ತಗಡು ಹಿಡಿದು ಮೇಲಕ್ಕೆ ಕಳುಹುತ್ತದೆ. ಯೂರೋಪಿನವರು ಕಲ್ಲನ್ನೇ ಕನ್ನಡಿಯನ್ನಾಗಿ ಮಾಡಿದರು. ನಮ್ಮವರು ಕಲ್ಲಿನ ಹಿಂದೆ ಕನ್ನಡಿಯನ್ನಿಟ್ಟರು. ಮೊದಲನೆಯದರಲ್ಲಿ ತೂಕದ ವ್ಯಯ, ಎರಡನೆಯದರಲ್ಲಿ ತೂಕದ ರಕ್ಷಣೆ. ಎರಡರ ಗುರಿಯೂ ಬೆಳಕೇ.

ಯೂರೋಪಿನ ಕಡೆತದ ಕ್ರಮವಿಕಾಸ

ಯೂರೋಪಿನಲ್ಲಿಯೂ ಈ ವಿದ್ಯೆ ಒಂದೇ ದಿನದಲ್ಲಿ ಬೆಳೆಯಲಿಲ್ಲ. 14ನೆಯ ಶತಮಾನದಲ್ಲಿ ಅಷ್ಟಮುಖಿಯ ಸಹಜ ಮುಖಗಳನ್ನು ನಯಗೊಳಿಸುವುದಷ್ಟೇ ಇತ್ತು. ಇದು ಮೊನೆಯ ಕಡೆತ. 15ನೆಯ ಶತಮಾನದಲ್ಲಿ ಮೇಲಿನ ಮೊನೆಯನ್ನು ತೇಯ್ದು ಚಪ್ಪಟೆ ಮಾಡುವ ಮೇಜಿನ ಕಡೆತ ರೂಢಿಗೆ ಬಂದಿತು. 16ನೆಯ ಶತಮಾನದಲ್ಲಿ ಗುಲಾಬಿ ಕಡೆತ ಪ್ರಚಾರಕ್ಕೆ ಬಂದಿತು. ಇದರ ತಳ ಚಪ್ಪಟೆ. ಮೇಲ್ಭಾಗ ತ್ರಿಕೋನ ಮುಖಗಳಿಂದ ಕೂಡಿದ ಗುಮ್ಮಟ. ಪೂರ್ಣ ಗುಲಾಬಿಯಲ್ಲಿ ಮುಖಗಳು 24. ದಪ್ಪವಿಲ್ಲದ ಕಲ್ಲುಗಳಿಗೆ ಇದು ಬಹಳ ಒಪ್ಪುವಂಥದು. 17ನೆಯ ಶತಮಾನದಿಂದ ಮುಂದಕ್ಕೆ, ಕೆಳಭಾಗವನ್ನು ಆಳವಾಗಿ ಕಡೆದು ಬೆಳಕನ್ನು ಮರಳಿಸುವ ಬ್ರಿಲಿಯಂಟ್ ಕಡೆತವು ಹಂತಹಂತವಾಗಿ ಬೆಳೆಯಿತು.

ಇದಕ್ಕೆಲ್ಲ ಗಣಿತದ ಸ್ಪಷ್ಟ ಆಧಾರ ದೊರೆತುದು 1919ರಲ್ಲಿ. ವಜ್ರದ ಸಾಣೆಗಾರರ ಮನೆತನದಲ್ಲಿ ಹುಟ್ಟಿ ಎಂಜಿನಿಯರಿಂಗ್ ಓದಿದ ಮಾರ್ಸೆಲ್ ಟೊಲ್ಕೋವ್‌ಸ್ಕಿಯು ಆ ವರ್ಷ ಪ್ರಕಟಿಸಿದ ಕಿರುಗ್ರಂಥದಲ್ಲಿ ದುಂಡು ವಜ್ರದ ಪ್ರಮಾಣಗಳನ್ನು ಲೆಕ್ಕಹಾಕಿ ತೋರಿಸಿದನು. ಕಲ್ಲಿನ ಅಗಲ 100 ಎಂದಿಟ್ಟುಕೊಂಡರೆ ಮೇಲಿನ ಮೇಜಿನ ಅಗಲ 53, ಮೇಲ್ಭಾಗದ ಎತ್ತರ 16.2, ಕೆಳಭಾಗದ ಆಳ 43.1, ಮೇಲಿನ ಓರೆ 34.5 ಅಂಶ, ಕೆಳಗಿನ ಓರೆ 40.75 ಅಂಶ. ಇಂದಿನ ದುಂಡು ಬ್ರಿಲಿಯಂಟ್ ವಜ್ರದಲ್ಲಿ ಮೇಲೆ 33, ಕೆಳಗೆ 24, ಒಟ್ಟು 57 ಮುಖಗಳು. ಕೆಳತುದಿಯನ್ನೂ ಸ್ವಲ್ಪ ತೇಯ್ದರೆ 58. ಇಂಥ ಒಂದು ವಜ್ರವನ್ನು ಪಡೆಯುವಷ್ಟರಲ್ಲಿ ಒರಟು ಕಲ್ಲಿನ ಸುಮಾರು ಅರ್ಧದಷ್ಟು ತೂಕ ಪುಡಿಯಾಗಿ ಹೋಗುವುದು ಸಾಮಾನ್ಯ.

ಕೊಹಿನೂರಿನ ನಿದರ್ಶನ

ತೂಕ ಮತ್ತು ಕಾಂತಿಗಳ ಈ ವ್ಯಾಜ್ಯಕ್ಕೆ ಕೊಹಿನೂರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1849ರ ಲಾಹೋರ್ ಒಪ್ಪಂದದ ಮೂಲಕ ಬಾಲಕನಾಗಿದ್ದ ಮಹಾರಾಜ ದುಲೀಪ್ ಸಿಂಗನಿಂದ ಆ ವಜ್ರವು ಬ್ರಿಟಿಷರ ಕೈಸೇರಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದನ್ನು ಪಂಜರದೊಳಗಿಟ್ಟು ತೋರಿಸಿದಾಗ, ನೋಡಲು ಮುಗಿಬಿದ್ದ ಜನ ನಿರಾಶರಾದರು. ಇದರಲ್ಲಿ ಹೊಳಪೆಲ್ಲಿ ಎಂದರು. ದೀಪಗಳನ್ನಿಟ್ಟು ನೋಡಿದರೂ ಪ್ರಯೋಜನವಾಗಲಿಲ್ಲ. ಭಾರತೀಯ ರೀತಿಯಲ್ಲಿ ಕಡೆದ ಕಲ್ಲನ್ನು ಯೂರೋಪಿನ ಕಣ್ಣುಗಳಿಂದ ನೋಡಿದುದರ ಫಲವಿದು.

1852ರಲ್ಲಿ ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟನ ಆಸ್ಥೆಯಿಂದ ಆಮ್‌ಸ್ಟರ್‌ಡ್ಯಾಮ್ ನಗರದ ಸಾಣೆಗಾರರನ್ನು ಲಂಡನ್ನಿಗೆ ಕರೆಯಿಸಿ, ಉಗಿಯಂತ್ರದಿಂದ ತಿರುಗುವ ಚಕ್ರದ ಮೇಲೆ ಅದನ್ನು ಮತ್ತೆ ಕಡೆಯಲಾಯಿತು. ಮೊದಲ ಮುಖವನ್ನು ತಾಗಿಸುವ ಗೌರವ ವೆಲ್ಲಿಂಗ್‌ಟನ್ ಡ್ಯೂಕನಿಗೆ ದೊರೆಯಿತು. 38 ದಿನಗಳ ಕೆಲಸ, 8,000 ಪೌಂಡುಗಳ ವೆಚ್ಚ. ಹಳೆಯ ಮಾನದಲ್ಲಿ 186 ಕ್ಯಾರೆಟ್, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 191 ಕ್ಯಾರೆಟ್ ಇದ್ದ ಕಲ್ಲು 105.6 ಕ್ಯಾರೆಟ್‌ನ ಅಂಡಾಕಾರದ ಬ್ರಿಲಿಯಂಟ್ ಆಯಿತು. ಐದು ಕ್ಯಾರೆಟ್‌ಗೆ ಒಂದು ಗ್ರಾಂ ಎಂಬ ಲೆಕ್ಕದಲ್ಲಿ ಸುಮಾರು 17 ಗ್ರಾಂಗಳಷ್ಟು ಕೊಹಿನೂರು ಪುಡಿಯಾಯಿತು. ಹೊಳಪು ಹೆಚ್ಚಿತೆಂಬುದು ನಿಜ. ಆದರೆ ಶತಮಾನಗಳ ಹಿಂದೆ ಭಾರತೀಯ ಸಾಣೆಗಾರನ ಕೈ ತಾಗಿದ ಮುಖಗಳು ಮತ್ತೆ ಬಾರವು. ಆ ಕಲ್ಲು ಹಿಂದೆ ಹೇಗಿತ್ತೆಂಬುದನ್ನು ಈಗ ಚಿತ್ರಗಳಿಂದಲೂ ಅಚ್ಚುಗಳಿಂದಲೂ ಮಾತ್ರ ತಿಳಿಯಬೇಕಾಗಿದೆ.

ಇದಕ್ಕೆ ಪ್ರತಿಯಾಗಿ, ರಷ್ಯಾದ ಕ್ರೆಮ್ಲಿನ್‌ನಲ್ಲಿರುವ ಆರ್ಲೋವ್ ವಜ್ರವನ್ನು ಯಾರೂ ಮರುಕಡೆಯಲಿಲ್ಲ. ಸುಮಾರು 190 ಕ್ಯಾರೆಟ್ ತೂಗುವ ಅದು ಇಂದಿಗೂ ಅರ್ಧ ಮೊಟ್ಟೆಯ ಆಕಾರದಲ್ಲಿದ್ದು, ಭಾರತೀಯ ಗುಲಾಬಿ ಕಡೆತವನ್ನು ಉಳಿಸಿಕೊಂಡಿದೆ. ಟಾವರ್ನಿಯೆ ಕಂಡ ಮಹಾ ಮೊಗಲ ವಜ್ರದ ಆಕಾರವೂ ಅರ್ಧ ಮೊಟ್ಟೆಯದೇ. ಆ ಕಾರಣದಿಂದ ಎರಡೂ ಒಂದೇ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಕಡೆಯದೆ ಉಳಿಸಿದ ಕಲ್ಲು ತನ್ನ ಚರಿತ್ರೆಯನ್ನೂ ಉಳಿಸಿಕೊಳ್ಳುತ್ತದೆ.

ಇತರ ರತ್ನಗಳಲ್ಲಿ

ಎಲ್ಲ ರತ್ನಗಳಿಗೂ ಒಂದೇ ಕಡೆತವು ಸಲ್ಲದು. ಪಚ್ಚೆಯಲ್ಲಿ ಒಳಬಿರುಕುಗಳು ಸಾಮಾನ್ಯ. ಮೂಲೆಗಳು ಬೇಗ ಮುರಿಯುತ್ತವೆ. ಆದುದರಿಂದ ನಾಲ್ಕು ಮೂಲೆಗಳನ್ನೂ ಮೊದಲೇ ಕತ್ತರಿಸಿ, ಮೆಟ್ಟಿಲುಗಳಂತೆ ಉದ್ದನೆಯ ಮುಖಗಳನ್ನು ಕೊಡುವ ಮೆಟ್ಟಿಲ ಕಡೆತ ಅದಕ್ಕೆ ಹೊಂದುತ್ತದೆ. ಇಲ್ಲಿ ಕಿಡಿ ಮುಖ್ಯವಲ್ಲ; ಹಸುರಿನ ಆಳವೇ ಮುಖ್ಯ. ಬಣ್ಣ ತೀರ ಗಾಢವಾದ ಕಲ್ಲನ್ನು ತೆಳುವಾಗಿಯೂ, ತಿಳಿಯಾದುದನ್ನು ದಪ್ಪವಾಗಿಯೂ ಕಡೆಯುವುದು ಬಣ್ಣದ ಹರಳುಗಳ ಸಾಣೆಗಾರರ ಪದ್ಧತಿ.

ಮುಖಗಳನ್ನೇ ಬೇಡದ ರತ್ನಗಳೂ ಇವೆ. ನಮ್ಮ ಮೈಸೂರು ಸೀಮೆಯಲ್ಲಿ ದೊರೆಯುವ ನಕ್ಷತ್ರ ಮಾಣಿಕ್ಯವನ್ನು ಮುಖಗಳಾಗಿ ಕಡೆದರೆ ನಕ್ಷತ್ರವೇ ಮಾಯವಾಗುತ್ತದೆ. ಅದರೊಳಗಿನ ಸೂಜಿಯಂಥ ಸೂಕ್ಷ್ಮ ಹರಳುಗಳು ಮೂರು ದಿಕ್ಕುಗಳಲ್ಲಿ ಸಾಲುಗಟ್ಟಿದ್ದು, ಬೆಳಕನ್ನು ಆರು ರೇಖೆಗಳಾಗಿ ತೋರಿಸುತ್ತವೆ. ಮೇಲ್ಮೈಯನ್ನು ಗುಮ್ಮಟದಂತೆ ನುಣುಪಾಗಿ ತೇಯ್ದಾಗ ಮಾತ್ರ ಅದು ಕಾಣುವುದು. ವೈಡೂರ್ಯದ ಬೆಕ್ಕಿನ ಕಣ್ಣಿಗೂ ಇದೇ ನಿಯಮ. ಇಂಥ ಕಲ್ಲನ್ನು ಬ್ರಿಲಿಯಂಟ್ ಮಾಡಹೊರಟ ಸಾಣೆಗಾರನು ಅದರಲ್ಲಿದ್ದ ಗುಣವನ್ನು ತೆಗೆದು, ಇಲ್ಲದ ಗುಣವನ್ನು ಹುಡುಕಿದಂತಾಗುವುದು.

ಕೊನೆಯ ಮಾತು

ಇಂದು ಲೋಕದಲ್ಲಿ ಕಡೆಯಲ್ಪಡುವ ವಜ್ರಗಳಲ್ಲಿ ಸಂಖ್ಯೆಯ ದೃಷ್ಟಿಯಿಂದ ಬಹುಪಾಲು ನಮ್ಮ ದೇಶದ ಸೂರತ್ ನಗರದಲ್ಲಿ ಕಡೆಯಲ್ಪಡುತ್ತವೆ. ಒರಟು ಕಲ್ಲಿನ ಒಳಹೊರಗನ್ನು ಯಂತ್ರದಿಂದ ಅಳೆದು, ಯಾವ ಆಕಾರದಲ್ಲಿ ಎಷ್ಟು ಉಳಿಯುವುದೆಂದು ಗಣಕಯಂತ್ರದಲ್ಲಿ ಮೊದಲೇ ನೋಡಿ, ಲೇಸರ್ ಕಿರಣದಿಂದ ಕೊಯ್ಯುವ ಕಾಲವಿದು. ಆದರೂ ನಿರ್ಣಯವು ಹಳೆಯದೇ: ಎಷ್ಟನ್ನು ಉಳಿಸಬೇಕು, ಎಷ್ಟನ್ನು ಬಿಡಬೇಕು? 1905ರಲ್ಲಿ ದಕ್ಷಿಣ ಆಫ್ರಿಕದಲ್ಲಿ ದೊರೆತ 3,106 ಕ್ಯಾರೆಟ್‌ನ ಕಲಿನನ್ ವಜ್ರವನ್ನು 1908ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೀಳಿ ಕಡೆದಾಗ ಒಂಬತ್ತು ದೊಡ್ಡ ವಜ್ರಗಳೂ 96 ಸಣ್ಣವೂ ದೊರೆತವು. ಎಲ್ಲವನ್ನೂ ಕೂಡಿದರೆ ಮೂಲ ತೂಕದ ಮೂರನೆಯ ಒಂದು ಭಾಗ ಮಾತ್ರ.

ನನ್ನ ತಾಯಿಯವರ ಓಲೆಗಳ ಮಾತನ್ನು ಹೇಳಿ ಮುಗಿಸುತ್ತೇನೆ. ವೃದ್ಧ ಅಕ್ಕಸಾಲಿಗರೊಬ್ಬರು ಅವನ್ನು ನೋಡಿ, ಕಲ್ಲುಗಳು ಬಿಲ್ಲೆಯಂತೆ ತೆಳುವಾಗಿರುವುದನ್ನು ತೋರಿಸಿದರು. ಟೊಲ್ಕೋವ್‌ಸ್ಕಿಯ ಪ್ರಮಾಣದಂತೆ ಕಲ್ಲಿನ ಆಳವು ಅಗಲದ ಸುಮಾರು ಐದನೆಯ ಮೂರು ಭಾಗವಿರಬೇಕು. 5 ಮಿಲಿಮೀಟರ್ ಅಗಲ, 1.5 ಮಿಲಿಮೀಟರ್ ದಪ್ಪದ ಬಿಲ್ಲೆಯಿಂದ 2.5 ಮಿಲಿಮೀಟರ್ ಅಗಲದ ಬ್ರಿಲಿಯಂಟ್ ಮಾತ್ರ ಹೊರಡುವುದು. ತೂಕದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು. ಆ ಹಿರಿಯರಿಗೆ ಈ ಲೆಕ್ಕ ತಿಳಿದಿರಲಿಲ್ಲ, ಕಲ್ಲು ತಿಳಿದಿತ್ತು. “ಕಲ್ಲು ಕೆಟ್ಟಿಲ್ಲ, ನೀರು ಇಳಿದು ಒಳಗಿನ ತಗಡು ಕಪ್ಪಾಗಿದೆ” ಎಂದು ಹೇಳಿ, ತಗಡನ್ನು ಬದಲಿಸಿ ಕೊಟ್ಟರು. ಓಲೆಗಳು ಮೊದಲಿನಂತೆಯೇ ಬೆಳಗಿದವು. ಕಡೆಯಿಸಿದ್ದರೆ ತಾಯಿಯವರ ವಜ್ರದಲ್ಲಿ ಒಂಬತ್ತು ಪಾಲು ಸಾಣೆಯ ಎಣ್ಣೆಯಲ್ಲಿ ಹೋಗುತ್ತಿತ್ತು.

ತರಗತಿಯಲ್ಲಿ ಪ್ರಶ್ನೆ ಕೇಳಿದ ಆ ಹುಡುಗನು ಈಗ ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬನಾಗಿರಬಹುದು. ಅವನಿಗೆ ನನ್ನ ಉತ್ತರವಿಷ್ಟೆ: ತೂಕವು ಇಳಿದುದರಿಂದ ಕಲ್ಲಿನ ಬೆಲೆ ಏರುವುದಿಲ್ಲ, ಒಳಹೊಕ್ಕ ಬೆಳಕು ಮರಳಿ ಬರುವುದರಿಂದ ಏರುತ್ತದೆ. ಬೆಳಕು ಬಾರದಿದ್ದರೆ ಇಳಿದ ತೂಕವೆಲ್ಲ ನಷ್ಟವೇ. ಸಾಣೆಗೆ ಕಲ್ಲನ್ನು ಒಡ್ಡುವ ಮುನ್ನ ಅದು ಯಾವ ಜಾತಿಯದು, ಅದರ ಮೆದು ದಿಕ್ಕು ಯಾವುದು, ಆಳವೆಷ್ಟು, ಒಳಗೆ ನಕ್ಷತ್ರವೇನಾದರೂ ಅಡಗಿದೆಯೇ ಎಂಬುದನ್ನು ನೋಡಬೇಕು. ಕೆಲವೊಮ್ಮೆ ಕಲ್ಲನ್ನು ಬಿಟ್ಟು, ಅದರ ಹಿಂದಿನ ತಗಡನ್ನು ಬದಲಿಸಿದರೆ ಸಾಕು. ಮಕ್ಕಳನ್ನು ತಿದ್ದುವ ವೃತ್ತಿಯಲ್ಲಿರುವ ನಮಗೆ ಈ ಎಚ್ಚರವು ಸಾಣೆಗಾರನಿಗಿಂತ ಕಡಿಮೆ ಅವಶ್ಯಕವಾದುದಲ್ಲ. ಅಂದು ಪ್ರಶ್ನೆಯನ್ನು ಕೇಳಿಯೂ ಕೇಳದವನಂತೆ ಮುಂದಿನ ಶ್ಲೋಕಕ್ಕೆ ಸಾಗಿದ ನನಗಂತೂ ಇದನ್ನು ಕಲಿಸಿದವನು ಆ ವಿದ್ಯಾರ್ಥಿಯೇ.